‘ರೂಯಿನ್’ ಅಂದರೆ ನಾಶವೋ, ಹಾಳೋ, ಪಾಳೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಪೇಟೆಯಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿಂದ ಹಂಪಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹಾಗಾಗಿ ‘ರೂಯಿನ್ಸ್’ ಅನ್ನೋ ಪದ ನಮ್ಮ ಮಕ್ಕಳ ಕಿವಿಗೆ ಚಿಕ್ಕಂದಿನಿಂದಲೇ ಬೀಳುತ್ತದೆ. ಆದರೆ ವಾಕ್ಯದಲ್ಲಿ ಬಳಸುವಾಗ ಅಲ್ಲೇ ಎಡವುತ್ತಾರೆ. ನಿಘಂಟು ತೆಗೆದರೆ ‘ನಾಶ’ ಅಂತ ಇರುತ್ತದೆ. ಅದನ್ನೇ ನಂಬಿ ಬರೆದರೆ ಅರ್ಧ ಕಡೆ ತಪ್ಪಾಗುತ್ತದೆ. ಇಷ್ಟು ವರ್ಷ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹಳೆಯ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ‘ರೂಯಿನ್’ ಅಂದರೆ ಏನು?

ಹಾಳು. ನಾಮಪದವಾದರೆ ‘ಹಾಳು’, ಕ್ರಿಯಾಪದವಾದರೆ ‘ಹಾಳುಮಾಡು’ ಅಥವಾ ‘ಕೆಡಿಸು’. ಇದಿಷ್ಟು ನೆನಪಿಟ್ಟುಕೊಂಡರೆ ಹತ್ತರಲ್ಲಿ ಎಂಟು ಕಡೆ ಸರಿಯಾಗುತ್ತದೆ. ಉಳಿದ ಎರಡಕ್ಕಾಗಿ ಮುಂದೆ ಓದಿ.

ಉಚ್ಚಾರಣೆ ಹೇಗೆ?

ರೂ-ಇನ್. ಒತ್ತು ‘ರೂ’ ಮೇಲೆ. ಬೇಗ ಹೇಳಿದಾಗ ನಡುವೆ ಒಂದು ‘ವ’ ಸುಳಿದ ಹಾಗೆ ಕೇಳಿಸುತ್ತದೆ, ಅದು ಸಹಜ. ಮಕ್ಕಳು ‘ರೈನ್’ ಅಂತ ಓದಿಬಿಡುತ್ತಾರೆ. ಆಗ ಅದು ಮಳೆಯಾಗುತ್ತದೆ.

ಈ ಪದ ಎಲ್ಲಿಂದ ಬಂತು?

ಲ್ಯಾಟಿನ್‌ನಲ್ಲಿ ‘ರುಎರೆ’ ಅಂತ ಒಂದು ಧಾತು ಇದೆ. ದಡಬಡ ಬೀಳು, ಕುಸಿ ಅಂತ ಅರ್ಥ. ಅದರಿಂದ ‘ರುಇನಾ’ ಬಂತು, ಅಂದರೆ ಬೀಳುವಿಕೆ. ಅಲ್ಲಿಂದ ಫ್ರೆಂಚ್‌ಗೆ ಹೋಗಿ, 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಸೇರಿತು.

ಈಗ ನಮ್ಮ ಮಾತು ನೋಡಿ. ಮನೆ ‘ಪಾಳು ಬಿತ್ತು’ ಅನ್ನುತ್ತೇವೆ. ಬಾವಿ ‘ಹಾಳು ಬಿದ್ದಿದೆ’ ಅನ್ನುತ್ತೇವೆ. ಉಳುಮೆ ಮಾಡದೆ ಬಿಟ್ಟ ಹೊಲ ‘ಬೀಳು’. ಎಲ್ಲೋ ದೂರದ ರೋಮಿನವರೂ ನಮ್ಮ ಹಳ್ಳಿಯವರೂ ಒಂದೇ ‘ಬೀಳು’ವಿನ ಮೂಲಕ ಇದನ್ನು ಕಂಡಿದ್ದಾರೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ನಮ್ಮ ತಾಯಿಯ ತವರಿನಲ್ಲಿ ಒಂದು ಮಣ್ಣಿನ ಮಾಳಿಗೆ ಮನೆ ಇತ್ತು. ಅಜ್ಜಿ ತೀರಿಕೊಂಡ ಮೇಲೆ ಬೀಗ ಹಾಕಿದೆವು. ಮೊದಲು ತೊಲೆಗೆ ಗೆದ್ದಲು ಹತ್ತಿತು. ಮಾಳಿಗೆಯ ಮೇಲೆ ಹುಲ್ಲು ಬೆಳೆಯಿತು. ಒಂದು ಮಳೆಗಾಲದಲ್ಲಿ ಅಡುಗೆ ಮನೆಯ ಮೂಲೆ ಕುಸಿಯಿತು, ಮುಂದಿನ ಮಳೆಗಾಲದಲ್ಲಿ ಪಡಸಾಲೆ. ಈಗ ಹೋದರೆ ಮೂರು ಗೋಡೆ ಇವೆ. ಒರಳುಕಲ್ಲು ಇದ್ದಲ್ಲೇ ಇದೆ. ದೀಪದ ಗೂಡಿನಲ್ಲಿ ಎಣ್ಣೆಮಸಿ ಇನ್ನೂ ಕೈಗೆ ಹತ್ತುತ್ತದೆ. ಯಾರೂ ಅದನ್ನು ಕೆಡವಲಿಲ್ಲ. ಅದು ತಾನಾಗಿ ಬಿತ್ತು, ಮತ್ತು ಪೂರ್ತಿ ಹೋಗಲಿಲ್ಲ. ‘ರೂಯಿನ್’ ಅನ್ನೋ ಪದದೊಳಗೆ ಈ ಎರಡೂ ಇವೆ: ಬಿದ್ದದ್ದು, ಬಿದ್ದ ಮೇಲೂ ಉಳಿದದ್ದು.

ಹಾಗಾದರೆ ‘ಹಾಳು’ ಬೇರೆ, ‘ಪಾಳು’ ಬೇರೆಯಾ?

ಬೇರು ಒಂದೇ. ಹಳಗನ್ನಡದಲ್ಲಿ ‘ಪಾೞ್’ ಅಂತಿತ್ತು. ಆಮೇಲೆ ಕನ್ನಡದಲ್ಲಿ ಪದದ ಮೊದಲಿನ ‘ಪ’ಕಾರ ‘ಹ’ಕಾರವಾಯಿತು. ಪಾಲು ಹಾಲಾಯಿತು, ಪಾವು ಹಾವಾಯಿತು, ಪಾೞ್ ಹಾಳಾಯಿತು. ಆದರೆ ‘ಪಾಳು’ ಪೂರ್ತಿ ಹೋಗದೆ ಪಕ್ಕದಲ್ಲೇ ಉಳಿದುಕೊಂಡಿತು. ತಮಿಳಿನಲ್ಲಿ ಇವತ್ತಿಗೂ ‘ಪಾೞ್’ ಇದೆ, ತೆಲುಗಿನಲ್ಲಿ ‘ಪಾಡು’.

ಬಳಕೆಯಲ್ಲಿ ಮಾತ್ರ ಈಗ ಸ್ವಲ್ಪ ಬೇರೆಯಾಗಿವೆ. ‘ಪಾಳು’ ಹೆಚ್ಚಾಗಿ ಜಾಗಕ್ಕೆ: ಮನೆ, ಗುಡಿ, ಬಾವಿ, ಹೊಲ. ‘ಹಾಳು’ ಎಲ್ಲದಕ್ಕೂ: ಊರು, ಹೆಸರು, ಆರೋಗ್ಯ, ಸಮಯ. ಒಂದು ಎಚ್ಚರಿಕೆ: ‘ಪಾಳು ಭೂಮಿ’ಯನ್ನು ಇಂಗ್ಲಿಷಿನಲ್ಲಿ ‘ರೂಯಿನ್ಡ್ ಲ್ಯಾಂಡ್’ ಅಂತ ಬರೆಯಬೇಡಿ. ಬಿತ್ತದೆ ಬಿಟ್ಟ ಹೊಲಕ್ಕೆ ಅಲ್ಲಿ ‘ಫ್ಯಾಲೋ’ ಅಂತಾರೆ. ಅದು ಕೆಟ್ಟ ಭೂಮಿ ಅಲ್ಲ, ಬಿಟ್ಟ ಭೂಮಿ.

‘ಡಿಸ್ಟ್ರಾಯ್’ಗೂ ‘ರೂಯಿನ್’ಗೂ ಏನು ವ್ಯತ್ಯಾಸ? ಎರಡಕ್ಕೂ ನಿಘಂಟಿನಲ್ಲಿ ನಾಶ ಅಂತಲೇ ಇದೆಯಲ್ಲ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ. ‘ಡಿಸ್ಟ್ರಾಯ್’ ಕೂಡ ಲ್ಯಾಟಿನ್ನಿನದೇ. ಕಟ್ಟಿದ್ದನ್ನು ಕಿತ್ತುಹಾಕು ಅಂತ ಅದರ ಮೂಲ ಅರ್ಥ. ಅಲ್ಲಿ ವಸ್ತುವೇ ಹೋಗುತ್ತದೆ. ‘ರೂಯಿನ್’ನಲ್ಲಿ ವಸ್ತು ಇರುತ್ತದೆ, ಅದರ ಉಪಯೋಗ ಹೋಗುತ್ತದೆ, ಚೆಂದ ಹೋಗುತ್ತದೆ, ಬೆಲೆ ಹೋಗುತ್ತದೆ.

ಮದುವೆಗೆ ಉಟ್ಟ ರೇಷ್ಮೆ ಸೀರೆಯನ್ನು ಯಾರೋ ತಿಳಿಯದೆ ವಾಷಿಂಗ್ ಮೆಷಿನ್‌ಗೆ ಹಾಕಿದರು ಅನ್ನಿ. ಹೊರಗೆ ತೆಗೆದಾಗ ಸೀರೆ ಇದೆ. ಅಂಚಿನ ಬಣ್ಣ ಮೈಗೆ ಹತ್ತಿದೆ, ಜರಿ ಕಪ್ಪಾಗಿದೆ. ಅದು ‘ರೂಯಿನ್ಡ್’. ಅದೇ ಸೀರೆ ಬೆಂಕಿಗೆ ಬಿದ್ದು ಬೂದಿಯಾದರೆ ‘ಡಿಸ್ಟ್ರಾಯ್ಡ್’. ಕನ್ನಡದಲ್ಲೂ ಮೊದಲನೆಯದಕ್ಕೆ ‘ಅಯ್ಯೋ, ಸೀರೆ ಹಾಳಾಯ್ತು’ ಅಂತೀವೇ ಹೊರತು ‘ಸೀರೆ ನಾಶವಾಯ್ತು’ ಅನ್ನೋದಿಲ್ಲ, ಅಲ್ವಾ?

ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ: ‘ಹಾಳೂರಿಗೆ ಉಳಿದವನೇ ಗೌಡ’. ಊರು ಹಾಳಾಗಿದೆ, ಆದರೂ ಊರಿದೆ, ಅದರಲ್ಲಿ ಒಬ್ಬ ಉಳಿದಿದ್ದಾನೆ. ‘ನಾಶವಾದ ಊರು’ ಅಂದಿದ್ದರೆ ಗೌಡನಾಗಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಡ್ಯಾಮೇಜ್, ಸ್ಪಾಯಿಲ್, ರೆಕ್, ಹ್ಯಾವಕ್, ಡೆವಾಸ್ಟೇಟ್ ಇವುಗಳ ಕಥೆ ಏನು?

‘ಡ್ಯಾಮೇಜ್’ ಅಂದರೆ ಹಾನಿ. ರಿಪೇರಿಗೆ ದಾರಿ ಇರಬಹುದು. ಸರ್ಕಾರಿ ಕಾಗದದಲ್ಲಿ ‘ಬೆಳೆ ಹಾನಿ ಪರಿಹಾರ’ ಅಂತ ಬರುತ್ತದಲ್ಲ, ಆ ಹಾನಿ ಇದು. ಎಷ್ಟು ಹಾನಿ ಅಂತ ಅಳೆಯಬಹುದು. ‘ರೂಯಿನ್’ ಅಂದಾಗ ಅಳತೆಯ ಮಾತು ಮುಗಿದಿರುತ್ತದೆ.

‘ಸ್ಪಾಯಿಲ್’ ಸಣ್ಣದು, ಮೆತ್ತಗಿನದು. ಹಾಲು, ಹಣ್ಣು, ಮಕ್ಕಳು, ರಜೆ ಇವಕ್ಕೆಲ್ಲ ಇದು. ಮುದ್ದು ಜಾಸ್ತಿಯಾಗಿ ಕೆಟ್ಟ ಮಗುವಿಗೆ ‘ಸ್ಪಾಯಿಲ್ಟ್’ ಅನ್ನಬೇಕು. ‘ರೂಯಿನ್ಡ್ ಚೈಲ್ಡ್’ ಅಂದರೆ ಕೇಳಿದವರು ಗಾಬರಿಯಾಗುತ್ತಾರೆ.

‘ರೆಕ್’ನಲ್ಲಿ ಡಿಕ್ಕಿಯ ಸದ್ದಿದೆ. ಒಡೆದ ಹಡಗು, ನುಜ್ಜುಗುಜ್ಜಾದ ಕಾರು. ‘ಹ್ಯಾವಕ್’ ಹಿಂದೆ ಯುದ್ಧದಲ್ಲಿ ‘ಇನ್ನು ಲೂಟಿ ಮಾಡಿ’ ಅಂತ ಕೊಡುತ್ತಿದ್ದ ಕೂಗು. ಈಗ ದಾಂಧಲೆ, ಅಲ್ಲೋಲಕಲ್ಲೋಲ ಅನ್ನೋ ಅರ್ಥ. ‘ಡೆವಾಸ್ಟೇಟ್’ ದೊಡ್ಡ ಪ್ರದೇಶಕ್ಕೆ: ಪ್ರವಾಹ, ಭೂಕಂಪ. ಮನಸ್ಸು ಕುಸಿದು ಹೋದಾಗಲೂ ಅದನ್ನು ಬಳಸುತ್ತಾರೆ.

‘ಮೈ ಫೋನ್ ರೂಯಿನ್ಡ್’ ಸರಿಯೇ?

ತಪ್ಪು. ಕನ್ನಡದವರು ಅತಿ ಹೆಚ್ಚು ಮಾಡುವ ತಪ್ಪು ಇದೇ. ಯಾಕೆ ಅಂತ ಅರ್ಥವಾದರೆ ಮತ್ತೆ ಮಾಡುವುದಿಲ್ಲ.

ನಮ್ಮಲ್ಲಿ ಎರಡು ಕ್ರಿಯಾಪದಗಳಿವೆ. ‘ಕೆಡು’ ಅಂದರೆ ತಾನು ಕೆಡುವುದು, ‘ಕೆಡಿಸು’ ಅಂದರೆ ಇನ್ನೊಂದನ್ನು ಕೆಡಿಸುವುದು. ‘ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು’ ಅನ್ನೋ ಗಾದೆಯಲ್ಲಿ ಎರಡೂ ಒಟ್ಟಿಗೇ ಇವೆ. ಹಾಗೆಯೇ ‘ಹಾಳಾಗು’, ‘ಹಾಳುಮಾಡು’. ಇಂದಿನ ಇಂಗ್ಲಿಷಿನ ‘ರೂಯಿನ್’ ಹೆಚ್ಚುಕಡಿಮೆ ‘ಕೆಡಿಸು’ ಮಾತ್ರ, ‘ಕೆಡು’ ಅಲ್ಲ. ಅದಕ್ಕೆ ಕೆಡಿಸಿದವರು ಬೇಕು: ‘ವಾಟರ್ ರೂಯಿನ್ಡ್ ಮೈ ಫೋನ್’, ನೀರು ನನ್ನ ಫೋನ್ ಕೆಡಿಸಿತು. ಕೆಡಿಸಿದವರನ್ನು ಹೇಳದೆ ಬಿಡಬೇಕಾದರೆ ನಡುವೆ ‘ವಾಸ್’ ಬರಲೇಬೇಕು: ‘ಮೈ ಫೋನ್ ವಾಸ್ ರೂಯಿನ್ಡ್’. ಒಂದು ಸಣ್ಣ ‘ವಾಸ್’ ಬಿಟ್ಟರೆ ಫೋನೇ ಹೋಗಿ ಯಾರನ್ನೋ ಕೆಡಿಸಿದ ಹಾಗಾಗುತ್ತದೆ.

ಕನ್ನಡದಲ್ಲಿ ‘ಕೆಟ್ಟಿದೆ’ ಅನ್ನುವ ಕಡೆಯೆಲ್ಲ ‘ರೂಯಿನ್ಡ್’ ಹಾಕಬಹುದಾ?

ಬೇಡ. ನಮ್ಮ ‘ಕೆಡು’ ಬಹಳ ದೊಡ್ಡ ಚೀಲ. ಬಸ್ಸು ಕೆಟ್ಟು ನಿಂತರೆ ಇಂಗ್ಲಿಷಿನಲ್ಲಿ ‘ಬ್ರೋಕ್ ಡೌನ್’. ಸಾರು ಕೆಟ್ಟರೆ ‘ಗಾನ್ ಬ್ಯಾಡ್’. ಫ್ಯಾನು ಕೆಟ್ಟರೆ ‘ನಾಟ್ ವರ್ಕಿಂಗ್’. ಹೊಟ್ಟೆ ಕೆಟ್ಟರೆ ‘ಅಪ್ಸೆಟ್’. ರಿಪೇರಿ ಆಗುವಂಥದ್ದಕ್ಕೆ, ನಾಳೆ ಸರಿಹೋಗುವಂಥದ್ದಕ್ಕೆ ‘ರೂಯಿನ್’ ಹಾಕಬಾರದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಒಂದು ರಾತ್ರಿ ಸರ್ವರ್ ಹತ್ತು ನಿಮಿಷ ನಿಂತಿತು. ಅವನು ವಿದೇಶದ ಗ್ರಾಹಕರಿಗೆ ‘ಸರ್ವರ್ ಈಸ್ ರೂಯಿನ್ಡ್’ ಅಂತ ಮೇಲ್ ಹಾಕಿದ. ಆ ಕಡೆಯವರು ಎಲ್ಲ ಮಾಹಿತಿ ಹೋಯಿತು ಅಂದುಕೊಂಡು ಮಲಗಿದ್ದವರನ್ನೆಲ್ಲ ಎಬ್ಬಿಸಿದರಂತೆ. ಸರ್ವರ್ ಸರಿಯಾಗಿತ್ತು, ಹುಡುಗನ ಆತ್ಮವಿಶ್ವಾಸ ಸರಿಯಾಗಲು ತಿಂಗಳು ಬೇಕಾಯಿತು. ‘ಸರ್ವರ್ ಈಸ್ ಡೌನ್’ ಅಂದಿದ್ದರೆ ಸಾಕಿತ್ತು. ತಪ್ಪು ಅವನದಲ್ಲ. ‘ರೂಯಿನ್ ಅಂದರೆ ಕೆಡುವುದು’ ಅಂತ ಮಾತ್ರ ಹೇಳಿಕೊಟ್ಟು, ಎಷ್ಟು ಕೆಡುವುದು ಅಂತ ನಾವು ಹೇಳಿಕೊಟ್ಟಿರಲಿಲ್ಲ.

ಹಂಪಿಗೆ ‘ರೂಯಿನ್ಸ್’ ಅಂತ ಬಹುವಚನ ಯಾಕೆ?

ಕಟ್ಟಡದ ವಿಷಯ ಬಂದಾಗ ಏಕವಚನ ಬೇರೆ, ಬಹುವಚನ ಬೇರೆ. ‘ರೂಯಿನ್’ ಅಂದರೆ ಹಾಳಾಗುವ ಕ್ರಿಯೆ, ಇಲ್ಲವೇ ಹಾಳುಬಿದ್ದ ಒಂದು ಕಟ್ಟಡ. ‘ರೂಯಿನ್ಸ್’ ಅಂದರೆ ಹಾಳಾದ ಮೇಲೆ ಉಳಿದ ಕಂಬ, ಗೋಡೆ, ಅಡಿಪಾಯ ಎಲ್ಲ ಸೇರಿ. ಕನ್ನಡದಲ್ಲಿ ಪುಸ್ತಕದ ಮಾತು ‘ಅವಶೇಷ’. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರ ಲೂಟಿಯಾಯಿತು, ಜನ ಬಿಟ್ಟುಹೋದರು. ಆಮೇಲೆ ಬಂದ ಇಂಗ್ಲಿಷರು ಕಂಡದ್ದು ಈ ಉಳಿದದ್ದನ್ನು. 1917ರಲ್ಲಿ ಲಾಂಗ್‌ಹರ್ಸ್ಟ್ ಹಂಪಿಯ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ‘ಹಂಪಿ ರೂಯಿನ್ಸ್’ ಅಂತ ಇದೆ.

ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗ ನಾನು ಎರಡು ಕಡೆ ನಿಲ್ಲಿಸುತ್ತೇನೆ. ಮೊದಲನೆಯದು ಅರಮನೆಗಳಿದ್ದ ಜಾಗ. ಅಲ್ಲಿ ಕಲ್ಲಿನ ಜಗತಿಗಳು ಮಾತ್ರ ಇವೆ. ಮೇಲಿನದೆಲ್ಲ ಮರ, ಗಾರೆ, ಅದು ಹೋಯಿತು. ಜಗತಿಯ ಮೇಲೆ ಹತ್ತಿದರೆ ಕಂಬ ನಿಲ್ಲಿಸಿದ್ದ ಗುರುತುಗಳು ಸಾಲಾಗಿ ಕಾಣುತ್ತವೆ. ಒಬ್ಬ ಹುಡುಗಿ ಒಂದು ಗುರುತಿನ ಮೇಲೆ ಕಾಲಿಟ್ಟು ನಿಂತು, ‘ಸರ್, ನಾನೀಗ ಕಂಬ’ ಅಂದಳು. ‘ರೂಯಿನ್ಸ್’ ಪಾಠ ಅವಳಿಗೆ ಅಲ್ಲೇ ಆಯಿತು. ಇಲ್ಲದ ಕಂಬವನ್ನು ಇರುವ ಕಲ್ಲಿನಿಂದ ಕಾಣುವುದು.

ಎರಡನೆಯದು ವಿರೂಪಾಕ್ಷ ದೇವಸ್ಥಾನ. ಅದನ್ನು ಯಾರೂ ‘ರೂಯಿನ್’ ಅನ್ನುವುದಿಲ್ಲ. ಅದೂ ಹಳೆಯದೇ. ಆದರೆ ಅಲ್ಲಿ ಪೂಜೆ ನಡೆಯುತ್ತಿದೆ, ಗಂಟೆ ಹೊಡೆಯುತ್ತದೆ, ತೇರು ಎಳೆಯುತ್ತಾರೆ. ವಿಠ್ಠಲ ದೇವಸ್ಥಾನದ ಕೆತ್ತನೆ ಎಷ್ಟೇ ಚೆಂದ ಉಳಿದಿದ್ದರೂ ಅಲ್ಲಿ ಪೂಜೆ ಇಲ್ಲ. ಅದಕ್ಕೇ ಅದು ‘ರೂಯಿನ್ಸ್’ ಪಟ್ಟಿಗೆ ಸೇರುತ್ತದೆ. ಒಡೆದದ್ದಕ್ಕಿಂತ ಬಿಟ್ಟುಹೋದದ್ದು ಈ ಪದಕ್ಕೆ ಮುಖ್ಯ ಅಂತ ನನಗೆ ಅನ್ನಿಸುವುದು ಅಲ್ಲಿ ನಿಂತಾಗ.

ಹಾಗಾದರೆ ಯುನೆಸ್ಕೊ ಪಟ್ಟಿಯಲ್ಲೂ ಹಂಪಿ ‘ರೂಯಿನ್ಸ್’ ಅಂತಲೇ ಇದೆಯಾ?

ಇಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಕೊಟ್ಟ ಹೆಸರಿನಲ್ಲಿ ‘ಮಾನ್ಯುಮೆಂಟ್ಸ್’ ಇದೆ, ಅಂದರೆ ಸ್ಮಾರಕಗಳು. ಅದೇ 1986ರಲ್ಲಿ ಇಂಗ್ಲೆಂಡಿನ ಫೌಂಟನ್ಸ್ ಅಬಿ ಅನ್ನೋ ಹಳೆಯ ಕ್ರೈಸ್ತ ಮಠವೂ ಪಟ್ಟಿ ಸೇರಿತು. ಅದರ ಹೆಸರಿನಲ್ಲಿ ‘ರೂಯಿನ್ಸ್’ ನೇರವಾಗಿ ಇದೆ. ಎಂಟನೇ ಹೆನ್ರಿ ರಾಜ 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ. ಸೀಸದ ಚಾವಣಿ ಕಿತ್ತರು, ಕಲ್ಲು ಹೊತ್ತೊಯ್ದರು. ಹೀಗೆ ಹಾಳಾದ ಮಠಗಳು ಇಂಗ್ಲಿಷರ ಕಣ್ಣಿಗೆ ಎಷ್ಟು ಒಗ್ಗಿಹೋದವು ಅಂದರೆ, 18ನೇ ಶತಮಾನದ ಶ್ರೀಮಂತರು ತಮ್ಮ ತೋಟಗಳಲ್ಲಿ ಬೇಕಂತಲೇ ಮುರುಕು ಕೋಟೆ ಕಟ್ಟಿಸಿಕೊಂಡರು. ವುಸ್ಟರ್‌ಶೈರ್‌ನ ಹ್ಯಾಗ್ಲಿಯಲ್ಲಿ ಅಂಥದ್ದೊಂದು ಇವತ್ತಿಗೂ ನಿಂತಿದೆ. ಅದಕ್ಕೇ ಇಂಗ್ಲಿಷಿನಲ್ಲಿ ‘ರೂಯಿನ್ಸ್’ ಅಂದಾಗ ದುಃಖದ ಜೊತೆಗೆ ಒಂದು ಚೆಲುವೂ ಬರುತ್ತದೆ.

ನಮ್ಮ ‘ಹಾಳು ಹಂಪಿ’ಯಲ್ಲಿ ಆ ಚೆಲುವು ಇಲ್ಲ, ನೋವು ಜಾಸ್ತಿ. ಅನುವಾದ ಮಾಡುವವರು ಇದನ್ನು ನೋಡಿಕೊಳ್ಳಬೇಕು. ಪ್ರವಾಸಿ ಬರಹದ ‘ಬ್ಯೂಟಿಫುಲ್ ರೂಯಿನ್ಸ್’ ಕನ್ನಡಕ್ಕೆ ‘ಸುಂದರ ಹಾಳು’ ಆಗುವುದಿಲ್ಲ. ‘ಪಾಳುಬಿದ್ದರೂ ಚೆಂದ ಕಾಣುವ ಗುಡಿಗಳು’ ಅಂತ ಬಿಡಿಸಿ ಹೇಳಬೇಕು.

ದುಡ್ಡಿನ ವಿಷಯದಲ್ಲಿ ‘ರೂಯಿನ್’ ಅಂದರೆ ದಿವಾಳಿಯಾ?

ಹತ್ತಿರ ಹತ್ತಿರ. ದಿವಾಳಿಗೆ ಇಂಗ್ಲಿಷಿನಲ್ಲಿ ‘ಬ್ಯಾಂಕ್ರಪ್ಟ್’. ಅದು ಕಾನೂನಿನ ಪದ, ಅದಕ್ಕೆ ನಮ್ಮಲ್ಲಿ 2016ರ ದಿವಾಳಿ ಸಂಹಿತೆಯೂ ಇದೆ. ‘ರೂಯಿನ್’ಗೆ ಕೋರ್ಟು ಬೇಕಿಲ್ಲ. ಮಗಳ ಮದುವೆಗೆ ಸಾಲ, ಸಾಲಕ್ಕೆ ಮೀಟರ್ ಬಡ್ಡಿ, ಬಡ್ಡಿಗೆ ಹೊಲ, ಕೊನೆಗೆ ಮನೆ. ಯಾವ ಕಾಗದದಲ್ಲೂ ದಿವಾಳಿ ಅಂತ ಬರೆದಿಲ್ಲ, ಆದರೆ ಸಂಸಾರ ‘ರೂಯಿನ್’ ಆಗಿದೆ. ಆ ಮೀಟರ್ ಬಡ್ಡಿಗೆ ‘ರೂಯಿನಸ್ ಇಂಟರೆಸ್ಟ್’ ಅನ್ನಬಹುದು. ಮನೆ ಮುರಿಯುವಂಥ ಬಡ್ಡಿ ಅಂತ.

‘ಕೆಟ್ಟು ಪಟ್ಟಣ ಸೇರು’ ಅನ್ನುತ್ತಾರಲ್ಲ, ಅಲ್ಲಿನ ‘ಕೆಟ್ಟು’ ಅನ್ನೋದು ಇದೇ ‘ರೂಯಿನ್’. ಚಾರಿತ್ರ್ಯ ಕೆಟ್ಟದ್ದಲ್ಲ, ಬದುಕು ಕೆಟ್ಟದ್ದು.

ಗಣಿತದಲ್ಲಿ ‘ಗ್ಯಾಂಬ್ಲರ್ಸ್ ರೂಯಿನ್’ ಅಂತ ಇದೆಯಂತೆ, ಅದೇನು?

ಇದೆ. ಪಿಯುಸಿ ಹುಡುಗರು ಕೇಳುತ್ತಾರೆ. 17ನೇ ಶತಮಾನದಲ್ಲಿ ಪಾಸ್ಕಲ್, ಹೈಗೆನ್ಸ್ ತಲೆಕೆಡಿಸಿಕೊಂಡ ಲೆಕ್ಕ. ನಿಮ್ಮ ಹತ್ತಿರ 10 ರೂಪಾಯಿ, ಎದುರಿನವನ ಹತ್ತಿರ 90. ನಾಣ್ಯ ಚಿಮ್ಮಿಸಿ ಪ್ರತಿ ಸಲ ಒಂದೊಂದು ರೂಪಾಯಿ ಪಣ. ಮೋಸ ಇಲ್ಲ. ಯಾರದಾದರೂ ಕೈ ಖಾಲಿಯಾಗುವವರೆಗೆ ಆಡಿದರೆ ನಿಮ್ಮ ಕೈ ಖಾಲಿಯಾಗುವ ಸಂಭವ ಎಷ್ಟು? 100ಕ್ಕೆ 90. ಎದುರಿನವನ ದುಡ್ಡಿಗೆ ಕೊನೆಯೇ ಇಲ್ಲದಿದ್ದರೆ, ಆಡುತ್ತಲೇ ಹೋದವನು ಒಂದಲ್ಲ ಒಂದು ದಿನ ಬರಿಗೈಯಾಗುವುದು ಖಂಡಿತ. ಮೋಸವೇ ಇಲ್ಲದ ಆಟದಲ್ಲಿ ಹೀಗೆ. ಮೊಬೈಲಿನಲ್ಲಿ ಬೆಟ್ಟಿಂಗ್ ಆಡುವ ಹುಡುಗರಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಪೂರ್ತಿ ಮಾಡಿ ತೋರಿಸುತ್ತೇನೆ.

ಮನುಷ್ಯರಿಗೆ ಈ ಪದ ಬಳಸಬಹುದಾ?

ಬದುಕು, ಹೆಸರು, ಆರೋಗ್ಯ ಇವುಗಳಿಗೆ ಬಳಸಬಹುದು. ‘ಡ್ರಿಂಕ್ ವಾಸ್ ಹಿಸ್ ರೂಯಿನ್’ ಅಂದರೆ ಕುಡಿತ ಅವನನ್ನು ಹಾಳುಮಾಡಿತು. ಆದರೆ ಹೆಣ್ಣುಮಕ್ಕಳ ಬಗ್ಗೆ ‘ರೂಯಿನ್ಡ್’ ಅಂತ ಯಾವತ್ತೂ ಬರೆಯಬೇಡಿ. 19ನೇ ಶತಮಾನದ ಇಂಗ್ಲಿಷಿನಲ್ಲಿ ಮದುವೆಗೆ ಮುಂಚೆ ಸಂಬಂಧ ಇಟ್ಟುಕೊಂಡ, ಅಥವಾ ಮೋಸ ಹೋದ ಹೆಣ್ಣನ್ನು ಹಾಗೆ ಕರೆಯುತ್ತಿದ್ದರು. ಮೋಸ ಮಾಡಿದ ಗಂಡಸಿಗೆ ಆ ಪದ ಇರಲಿಲ್ಲ. ಹಳೆಯ ಕಾದಂಬರಿ ಓದುವಾಗ ಅರ್ಥವಾಗಲಿ ಅಂತ ಹೇಳುತ್ತಿದ್ದೇನೆ. ನಮ್ಮ ‘ಕೆಟ್ಟುಹೋದವಳು’ ಅನ್ನೋ ಮಾತೂ ಅಷ್ಟೇ ಅನ್ಯಾಯದ್ದು.

‘ಹಾಳಾದ ಬಸ್ಸು ಇನ್ನೂ ಬರಲಿಲ್ಲ’ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಇಲ್ಲಿ ‘ಹಾಳಾದ’ ಬರೀ ಬೈಗುಳ. ಬಸ್ಸಿಗೆ ಏನೂ ಆಗಿಲ್ಲ, ಕಾದವರಿಗೆ ಸಿಟ್ಟು ಬಂದಿದೆ. ‘ರೂಯಿನ್ಡ್ ಬಸ್’ ಅಂದರೆ ತುಕ್ಕು ಹಿಡಿದ ಬಸ್ಸು ಅಂದುಕೊಳ್ಳುತ್ತಾರೆ. ‘ರೆಚೆಡ್ ಬಸ್’ ಅನ್ನಿ. ‘ಮನೆಹಾಳ’, ‘ಹಾಳಾಗಿ ಹೋಗು’ ಇವೂ ಹಾಗೆಯೇ, ಪದಕ್ಕೆ ಪದ ಹಾಕಿದರೆ ಬರುವುದಿಲ್ಲ.

ನುಡಿಗಟ್ಟುಗಳು ಯಾವುವು?

‘ರ‍್ಯಾಕ್ ಅಂಡ್ ರೂಯಿನ್’ ಅಂದರೆ ನೋಡಿಕೊಳ್ಳುವವರಿಲ್ಲದೆ ಪೂರ್ತಿ ಹಾಳಾಗುವುದು. ‘ಇನ್ ರೂಯಿನ್ಸ್’ ಕಟ್ಟಡಕ್ಕೂ ಆಗುತ್ತದೆ, ಯೋಜನೆಗೂ ಆಗುತ್ತದೆ. ಅವನ ಕನಸು ನುಚ್ಚುನೂರಾಯಿತು ಅಂತೀವಲ್ಲ, ಹಾಗೆ. ‘ಮದರ್ಸ್ ರೂಯಿನ್’ ಅಂದರೆ ಜಿನ್ ಅನ್ನೋ ಮದ್ಯ. 18ನೇ ಶತಮಾನದ ಲಂಡನ್ನಿನಲ್ಲಿ ಅಗ್ಗದ ಜಿನ್ ಬಡವರ ಮನೆಗಳನ್ನು ಎಷ್ಟು ಹಾಳುಮಾಡಿತು ಅಂದರೆ ಅದನ್ನು ತಡೆಯಲು 1751ರಲ್ಲಿ ಕಾನೂನು ತರಬೇಕಾಯಿತು.

ಈಗಿನ ಹುಡುಗರ ಬಳಕೆ ಇನ್ನೊಂದಿದೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬಂದವನು ‘ಇಟ್ ರೂಯಿನ್ಡ್ ಅದರ್ ದೋಸಾಸ್ ಫಾರ್ ಮಿ’ ಅನ್ನುತ್ತಾನೆ. ಇನ್ನು ಬೇರೆ ದೋಸೆ ನಾಲಿಗೆಗೆ ಹತ್ತೋದಿಲ್ಲ ಅಂತ. ಇದು ಹೊಗಳಿಕೆ.

ಪರೀಕ್ಷೆಯಲ್ಲಿ ಸ್ವಂತ ವಾಕ್ಯ ಕೇಳಿದರೆ ಏನು ಬರೆಯಲಿ?

ನಿಮ್ಮ ಮನೆಯ ಸುತ್ತ ನೋಡಿ ಬರೆಯಿರಿ. ಹೋದ ವರ್ಷ ನಮ್ಮ ಬ್ಯಾಚಿನ ಒಬ್ಬ ಹುಡುಗ ಬರೆದದ್ದು ನನಗೆ ತುಂಬಾ ಹಿಡಿಸಿತು. ಅವರ ಅಪ್ಪ ರಸ್ತೆ ಬದಿ ಒಣಗಲು ಹಾಕಿದ್ದ ಮೆಕ್ಕೆಜೋಳದ ಮೇಲೆ ರಾತ್ರಿ ಮಳೆ ಬಿದ್ದಿತ್ತು. ಅವನು ಬರೆದ: ‘ದ ರೇನ್ ರೂಯಿನ್ಡ್ ಅವರ್ ಮೇಜ್, ಬಟ್ ವಿ ಫೆಡ್ ಇಟ್ ಟು ದ ಬಫಲೋಸ್.’ ಜೋಳ ಮಾರುವುದಕ್ಕೆ ಹಾಳಾಯಿತು, ಎಮ್ಮೆಗೆ ಆಯಿತು. ‘ಡಿಸ್ಟ್ರಾಯ್ಡ್’ ಅಂತ ಬರೆದಿದ್ದರೆ ಎಮ್ಮೆಗೆ ಹಾಕಲು ಏನೂ ಇರುತ್ತಿರಲಿಲ್ಲ. ಪೂರ್ತಿ ಅಂಕ ಕೊಟ್ಟೆ.